ಕುದುರೆಯ ಕಣ್ಣಲ್ಲಿ ನೀರು, ಹೂ, ಹುಳ: ಮೊದಲು ಏನು ನೋಡಬೇಕು, ಯಾವಾಗ ಕೈ ಬಿಡಬೇಕು

ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಅದರಲ್ಲಿ ಎರಡು ಕುದುರೆ. ಲಾಭಕ್ಕೆ ಸಾಕಿದ್ದಲ್ಲ, ಚಪಲಕ್ಕೆ. ನಮ್ಮ ಕಡೆ ದನದ ಕಣ್ಣು ನೋಡಿ ಹೇಳುವವರು ಮನೆಗೊಬ್ಬರು ಸಿಗುತ್ತಾರೆ. ಕುದುರೆಯ ಕಣ್ಣು ಗೊತ್ತಿರುವವರು ಹೋಬಳಿಗೆ ಒಬ್ಬರು ಸಿಕ್ಕರೆ ಪುಣ್ಯ. ಹಾಗಾಗಿ ದನಕ್ಕೆ ಮಾಡುವುದನ್ನೇ ಕುದುರೆಗೂ ಮಾಡಿಬಿಡುತ್ತೇವೆ. ನಾನೂ ಮಾಡಿದ್ದೇನೆ. ನಮ್ಮ ಕುದುರೆ ಕೆಂದಿಯ ಎಡಗಣ್ಣಲ್ಲಿ ಈಗಲೂ ಇರುವ ಬಿಳಿ ಕಲೆ ಅದರ ಗುರುತು. ಆ ಕತೆ ಮುಂದೆ ಬರುತ್ತದೆ.

ಕೆಳಗಿನದನ್ನು ಮೊದಲಿಂದ ಓದಬೇಕಿಲ್ಲ. ನಿಮಗೆ ಕಂಡ ಲಕ್ಷಣ ಎಲ್ಲಿದೆಯೋ ಅಲ್ಲಿಗೆ ಹೋಗಿ. ಆದರೆ ಮುಂದಿನ ಎರಡು ಭಾಗ ಮಾತ್ರ ಬಿಡಬೇಡಿ.

ಮುಟ್ಟುವ ಮೊದಲು

ಕಣ್ಣು ನೋಯುವ ಕುದುರೆ ಎಷ್ಟೇ ಸಾಧುವಾದರೂ ತಲೆ ಒದರುತ್ತದೆ. ಆ ತಲೆ ಮುಖಕ್ಕೆ ಬಡಿದರೆ ನಿಮ್ಮ ಹಲ್ಲು ಹೋಗುತ್ತದೆ. ಕಂಬಕ್ಕೆ ಬಿಗಿದು ಕಟ್ಟಬೇಡಿ. ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಹಾಕಿ, ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡಿ. ಹಗ್ಗವನ್ನು ಅವರು ಕೈಗೆ ಸುತ್ತಿಕೊಳ್ಳಬಾರದು. ಇಬ್ಬರೂ ಒಂದೇ ಬದಿಯಲ್ಲಿ, ಹೆಗಲಿನ ಪಕ್ಕ ನಿಲ್ಲಿ. ಕಾಣದ ಕಣ್ಣಿನ ಕಡೆಯಿಂದ ಹೋಗುವುದಾದರೆ ಮಾತಾಡಿಕೊಂಡೇ ಹೋಗಿ, ಮೊದಲು ಕುತ್ತಿಗೆ ಮುಟ್ಟಿ, ಆಮೇಲೆ ಮುಖ.

ಸಾಮಾನು ಜಾಸ್ತಿ ಬೇಡ. ಮೊಬೈಲ್ ಟಾರ್ಚ್, 0.9 ಪರ್ಸೆಂಟ್ ನಾರ್ಮಲ್ ಸಲೈನ್ ಬಾಟಲಿ, ಸೂಜಿ ತೆಗೆದ 20 ಎಂಎಲ್ ಸಿರಿಂಜು, ಗಾಜ್ ಬಟ್ಟೆ, ಥರ್ಮಾಮೀಟರ್. ಹತ್ತಿ ಬೇಡ, ಅದರ ಎಳೆ ಕಣ್ಣಲ್ಲಿ ಉಳಿದುಕೊಳ್ಳುತ್ತದೆ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ

ಎರಡು ಮಾರು ದೂರದಲ್ಲಿ ನಿಂತು ಎರಡೂ ಕಣ್ಣಿನ ಮೇಲ್ರೆಪ್ಪೆಯ ಕೂದಲನ್ನು ಹೋಲಿಸಿ ನೋಡಿ. ಆರಾಮಾಗಿರುವ ಕಣ್ಣಿನ ಕೂದಲು ಹೆಚ್ಚುಕಡಿಮೆ ನೇರವಾಗಿ ಹೊರಕ್ಕೆ ಚಾಚಿರುತ್ತದೆ. ನೋಯುವ ಕಣ್ಣಿನ ಕೂದಲು ನೆಲದ ಕಡೆ ಬಾಗಿರುತ್ತದೆ, ಸೋರುವ ಹಂಚಿನ ಸೂರಿನ ಹಾಗೆ. ಕಣ್ಣು ಕೆಂಪಾಗುವ ಮೊದಲೇ, ನೀರು ಬರುವ ಮೊದಲೇ ಇದು ಕಾಣುತ್ತದೆ. ಬೆಳಿಗ್ಗೆ ಹುರುಳಿ ಹಾಕುವಾಗ ದಿನಾ ನೋಡಿ ಅಭ್ಯಾಸ ಮಾಡಿಕೊಂಡರೆ, ವ್ಯತ್ಯಾಸ ಬಂದ ದಿನ ತಾನಾಗಿ ಕಣ್ಣಿಗೆ ಬೀಳುತ್ತದೆ.

ಇದನ್ನೇ ಮೊದಲು ಹೇಳಲು ಕಾರಣವಿದೆ. ಯಾವ ಔಷಧ ಹಾಕಲಿ ಅನ್ನುವುದು ಎರಡನೇ ಪ್ರಶ್ನೆ. ನೋವಿದೆಯೋ ಇಲ್ಲವೋ ಅನ್ನುವುದು ಮೊದಲನೆಯದು. ನೋವಿಲ್ಲದ ಕಣ್ಣಿಗೆ ಎರಡು ದಿನ ಕಾಯಬಹುದು. ನೋವಿರುವ ಕಣ್ಣಿಗೆ ಆ ದಿನವೇ ಡಾಕ್ಟರ್ ಬೇಕು.

ಆಮೇಲೆ ಲಾಯದ ಕತ್ತಲೆ ಮೂಲೆಗೆ ಕರೆದುಕೊಂಡು ಹೋಗಿ ಟಾರ್ಚ್ ಹಿಡಿಯಿರಿ. ಎದುರಿಂದ ಒಮ್ಮೆ, ಪಕ್ಕದಿಂದ ಒಮ್ಮೆ. ಕುದುರೆಯ ಪಾಪೆ ದುಂಡಗಿಲ್ಲ, ಅಡ್ಡಕ್ಕೆ ಉದ್ದವಾಗಿರುತ್ತದೆ. ಅದರ ಮೇಲಂಚಿನಲ್ಲಿ ಕಂದು ಕಪ್ಪಿನ ಗಂಟುಗಂಟು ಕಾಣುತ್ತದೆ, ಒಣಗಿದ ಕಾಫಿ ಪುಡಿ ಅಂಟಿದ ಹಾಗೆ. ಅದು ಹುಟ್ಟಿನಿಂದ ಇರುವುದು, ರೋಗವಲ್ಲ. ಒಳಮೂಲೆಯಿಂದ ಆಗಾಗ ಇಣುಕುವ ಪದರ ಮೂರನೇ ರೆಪ್ಪೆ, ಅದೂ ಸಹಜ. ಇವೆರಡನ್ನು ಗಡ್ಡೆ ಎಂದುಕೊಂಡು ಚಿವುಟಲು ಹೋದವರಿದ್ದಾರೆ.

“ಎರಡೂ ಕಣ್ಣಲ್ಲಿ ನೀರು, ಆದರೆ ಕಣ್ಣು ತೆರೆದೇ ಇದೆ”

ಎರಡೂ ಕಣ್ಣು ಒಟ್ಟಿಗೆ ಸೋರಿದರೆ, ರೆಪ್ಪೆ ಕೂದಲು ನೆಟ್ಟಗಿದ್ದರೆ, ಮೊದಲು ಅನುಮಾನ ಪಡಬೇಕಾದ್ದು ಲಾಯವನ್ನು. ನೊಣ, ಧೂಳು, ಹೊಗೆ, ಮೂತ್ರದ ಘಾಟು. ಅರಸೀಕೆರೆ ಕಡೆ ಬೇಸಿಗೆಯಲ್ಲಿ ಧೂಳು, ನಮ್ಮ ಕಡೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಓಡುವ ತಿಂಗಳಲ್ಲಿ ನೊಣ.

ಲಾಯದೊಳಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಎರಡು ನಿಮಿಷ ಉಸಿರಾಡಿ. ನಿಮ್ಮ ಮೂಗು, ಕಣ್ಣು ಉರಿದರೆ ಕಾರಣ ಸಿಕ್ಕಿತು. ಕುದುರೆ ರಾತ್ರಿಯಿಡೀ ಅದೇ ಎತ್ತರದಲ್ಲಿ ಮೂಗಿಟ್ಟು ತಿನ್ನುತ್ತದೆ. ಹಸಿ ಹಾಸು ತೆಗೆಯಿರಿ, ಲದ್ದಿಯ ಗುಂಡಿಯನ್ನು ದೂರ ಮಾಡಿ, ಹುಲ್ಲನ್ನು ತಲೆಗಿಂತ ಮೇಲೆ ಕಟ್ಟುವ ಬದಲು ಕೆಳಗೆ ಹಾಕಿ. ಮೇಲೆ ಕಟ್ಟಿದರೆ ಹೊಟ್ಟು ನೇರ ಕಣ್ಣಿಗೇ ಉದುರುತ್ತದೆ.

ದಿನಕ್ಕೆರಡು ಬಾರಿ ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಕೆನ್ನೆ ಮತ್ತು ರೆಪ್ಪೆ ಒರೆಸಿ. ಒಂದು ಕಣ್ಣಿಗೆ ಒಂದು ಬಟ್ಟೆ, ಅದನ್ನೇ ಇನ್ನೊಂದಕ್ಕೆ ಬಳಸಬೇಡಿ. ಎರಡು ಮೂರು ದಿನದಲ್ಲಿ ಕಡಿಮೆಯಾಗಬೇಕು. ನೀರು ಗಟ್ಟಿಯಾಗಿ ಹಳದಿ ಗೀಜು ಬಂದರೆ, ಊಟ ಬಿಟ್ಟರೆ, ಮೂಗಲ್ಲೂ ಸಿಂಬಳ ಬಂದರೆ ಅದು ಬರೀ ಕಣ್ಣಿನ ವಿಷಯವಲ್ಲ. ಆ ಕುದುರೆಯನ್ನು ಬೇರೆ ಕಟ್ಟಿ, ನೀರಿನ ಬಕೆಟ್ಟೂ ಬೇರೆ ಇಡಿ. ಮೂಗಿನೊಳಗೆ ಹುಣ್ಣು ಕಂಡರೆ ಬರಿಗೈಯಲ್ಲಿ ಮುಟ್ಟಲೇಬೇಡಿ. ಅದು ಗ್ಲ್ಯಾಂಡರ್ಸ್ ಎಂಬ ಕುದುರೆಯ ಅಂಟುರೋಗ ಇರಬಹುದು, ಮನುಷ್ಯರಿಗೂ ಅಂಟುತ್ತದೆ, ಜೀವ ತೆಗೆಯುತ್ತದೆ.

“ಒಂದೇ ಕಣ್ಣು ಸೋರುತ್ತೆ, ನೋವಿಲ್ಲ”

ಕಣ್ಣೀರು ಮೂಗಿಗೆ ಇಳಿಯುವ ನಾಳ ಕಟ್ಟಿರಬಹುದು. ಮೂಗಿನ ಹೊಳ್ಳೆಯ ಒಳಗೆ ಕೆಳಗಡೆ, ಚರ್ಮ ಮುಗಿದು ಗುಲಾಬಿ ಬಣ್ಣ ಶುರುವಾಗುವಲ್ಲಿ ಕಾಳಿನಷ್ಟು ಸಣ್ಣ ತೂತಿದೆ. ಕುದುರೆಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿ ಸಿಂಬಳ ಒಣಗಿ ಅಂಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಷ್ಟೇ ನಿಮ್ಮ ಕೆಲಸ. ಕಡ್ಡಿ, ಪಿನ್ನು ತೂರಿಸಬೇಡಿ. ನಾಳ ತೊಳೆಯುವುದು ಡಾಕ್ಟರಿಗೆ ಸಣ್ಣ ಕೆಲಸ, ಅವರಿಗೇ ಬಿಡಿ.

“ಒಂದು ಕಣ್ಣು ಮುಚ್ಚಿಕೊಂಡಿದೆ, ಬೆಳಕಿಗೆ ಬರಲ್ಲ”

ನಿಧಾನವಾಗಿ ಓದಬೇಕಾದ ಭಾಗ ಇದು. ಮುಚ್ಚಿದ ಕಣ್ಣು ಅಂದರೆ ಗಾಯ ಎಂದೇ ತಿಳಿಯಿರಿ. ಅಲ್ಲ ಎಂದು ಡಾಕ್ಟರ್ ಮಾಡುವ ಬಣ್ಣದ ಪರೀಕ್ಷೆ (ಕೆಳಗೆ ಬರುತ್ತದೆ) ಹೇಳುವವರೆಗೂ ಹಾಗೇ ಇಟ್ಟುಕೊಳ್ಳಿ. ಭತ್ತದ ಹುಲ್ಲಿನ ಮುಳ್ಳು, ಲಂಟಾನ ಕಡ್ಡಿ, ಮರಗಸಿ ಮಾಡಿ, ಅಂದರೆ ನೆರಳಿನ ಮರದ ಕೊಂಬೆ ಕಡಿದು, ಬಿಟ್ಟ ಸಿಲ್ವರ್ ಓಕ್ ಕೊಂಬೆ. ಕುದುರೆಯ ಕಣ್ಣು ದೊಡ್ಡದು, ತಲೆಯ ಪಕ್ಕಕ್ಕೆ ಉಬ್ಬಿಕೊಂಡಿರುತ್ತದೆ. ಚುಚ್ಚುವುದೆಲ್ಲ ಅದಕ್ಕೇ ಮೊದಲು ಸಿಗುತ್ತದೆ.

ಮೊದಲು ತೊಳೆಯಿರಿ. ಸಿರಿಂಜಿಗೆ ಸಲೈನ್ ತುಂಬಿ, ಕೈಯನ್ನು ಕೆನ್ನೆಯ ಮೂಳೆಗೆ ಆನಿಸಿಡಿ. ತಲೆ ಅಲುಗಿದರೆ ಕೈಯೂ ಜೊತೆಗೇ ಅಲುಗುತ್ತದೆ, ಕಣ್ಣಿಗೆ ತಿವಿಯುವುದಿಲ್ಲ. ಒಳಮೂಲೆಯಿಂದ ಮೆಲ್ಲಗೆ ಹರಿಸಿ. ಒಂದು ಸಿರಿಂಜು ಸಾಕಾಗದಿದ್ದರೆ ಮೂರು. ಹೊಟ್ಟಿನ ಚೂರು ತೇಲಿ ಬಂದರೆ ಬಂತು. ಕರಿಗುಡ್ಡೆಗೆ ಏನಾದರೂ ನಾಟಿಕೊಂಡಿದ್ದರೆ ಎಳೆಯಬೇಡಿ. ಅದನ್ನು ಕಿತ್ತರೆ ಕಣ್ಣಿನೊಳಗಿನ ನೀರು ಹೊರಬಂದೀತು. ರೆಪ್ಪೆ ತೆರೆಯಲೇ ಬಿಡದಿದ್ದರೆ ಬಲ ಹಾಕಬೇಡಿ. ಮೇಲ್ರೆಪ್ಪೆಯ ಸ್ನಾಯು ನಿಮ್ಮ ಹೆಬ್ಬೆರಳಿಗಿಂತ ಗಟ್ಟಿ. ಡಾಕ್ಟರ್ ಹುಬ್ಬಿನ ಹತ್ತಿರ ಒಂದು ಇಂಜೆಕ್ಷನ್ ಕೊಟ್ಟು ರೆಪ್ಪೆ ಸಡಿಲ ಮಾಡಿಯೇ ನೋಡುತ್ತಾರೆ.

ತೊಳೆದ ಮೇಲೂ ಕಣ್ಣು ಮುಚ್ಚಿದ್ದರೆ ಅಲ್ಲಿಗೆ ನಿಲ್ಲಿಸಿ, ಫೋನ್ ಮಾಡಿ. ಡಾಕ್ಟರ್ ತರುವುದು ಕಿತ್ತಳೆ ಬಣ್ಣದ ಒಂದು ಕಾಗದದ ಪಟ್ಟಿ, ಫ್ಲೋರೆಸೀನ್. ಅದನ್ನು ನೆನೆಸಿ ಕಣ್ಣಿಗೆ ಬಿಟ್ಟು, ತೊಳೆದು, ನೀಲಿ ಬೆಳಕು ಹಿಡಿದರೆ ಗಾಯವಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ನೋಡುವವರಿಗೂ ಮೈ ಜುಂ ಅನ್ನುತ್ತದೆ.

ಈಗ ಕೆಂದಿಯ ಕತೆ. ಜುಲೈ ತಿಂಗಳು, ಎಡಗಣ್ಣು ಅರ್ಧ ಮುಚ್ಚಿತ್ತು. ಮನೆಯಲ್ಲಿ ನನ್ನ ಕಣ್ಣಿಗೆಂದು ತಂದಿದ್ದ ಡ್ರಾಪ್ಸ್ ಇತ್ತು. ಹಾಕಿದೆ. ಎರಡು ದಿನದಲ್ಲಿ ಕೆಂಪು ಇಳಿಯಿತು. ಸದ್ಯ, ಡಾಕ್ಟರ್ ಫೀಸು ಉಳಿಯಿತು ಅಂದುಕೊಂಡೆ. ಐದನೇ ದಿನ ಬೆಳಿಗ್ಗೆ ಹುರುಳಿ ಕಾಳಷ್ಟು ಬಿಳಿ ಕಲೆ, ಸುತ್ತ ಮೊಸರಿನ ಹಾಗೆ ಮಂಜು. ಹುಲ್ಲಿನ ಮುಳ್ಳು ಕೀರಿದ ಗಾಯಕ್ಕೆ ಬೂಸ್ಟು ಹತ್ತಿತ್ತು. ನಾನು ಹಾಕಿದ ಡ್ರಾಪ್ಸಿನಲ್ಲಿ ಸ್ಟಿರಾಯ್ಡ್ ಇತ್ತು. ಅದು ಕೆಂಪನ್ನು ಇಳಿಸುತ್ತದೆ, ಗಾಯ ಮಾಗಲು ಬಿಡುವುದಿಲ್ಲ, ಬೂಸ್ಟಿಗೆ ಬಾಗಿಲು ತೆಗೆದಿಡುತ್ತದೆ. ಆಮೇಲೆ ಆರು ವಾರ ಬೂಸ್ಟು ಕೊಲ್ಲುವ ನಟಮೈಸಿನ್ ಡ್ರಾಪ್ಸ್. ಮೊದಲ ಹತ್ತು ದಿನ ಎರಡು ಗಂಟೆಗೊಮ್ಮೆ, ಆ ಮಳೆಯಲ್ಲಿ, ರಾತ್ರಿ ಟಾರ್ಚ್ ಹಿಡಿದುಕೊಂಡು. ಉಳಿದ ಫೀಸಿನ ಲೆಕ್ಕ ಬಿಡಿ.

ಅದಕ್ಕೇ ಹೇಳುವುದು. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡಿನ ಹೆಸರಿದ್ದರೆ ಬಣ್ಣದ ಪರೀಕ್ಷೆ ಆಗದೆ ಕುದುರೆಯ ಕಣ್ಣಿಗೆ ಬೀಳಲೇಬಾರದು. ಆಂಟಿಬಯೋಟಿಕ್ ಜೊತೆ ಸ್ಟಿರಾಯ್ಡ್ ಸೇರಿಸಿದ ಡ್ರಾಪ್ಸ್ ಬೇಕಾದಷ್ಟಿವೆ, ದೊಡ್ಡಕ್ಷರದಲ್ಲಿರುವ ಹೆಸರು ನೋಡಿದರೆ ಗೊತ್ತಾಗುವುದಿಲ್ಲ. ಸಣ್ಣಕ್ಷರ ಓದಿ. ಉಪ್ಪು ಅಗಿದು ಉಗಿಯುವುದು, ಹೊಗೆಸೊಪ್ಪಿನ ರಸ, ಸುಣ್ಣ, ಸೊಪ್ಪು ಜಜ್ಜಿ ಹಿಂಡುವುದು, ಇವೂ ಬೇಡ. ಹಿರಿಯರು ಮಾಡುತ್ತಿದ್ದರು ನಿಜ. ಹಿರಿಯರ ಕೊಟ್ಟಿಗೆಯಲ್ಲಿ ಒಕ್ಕಣ್ಣಿನ ದನಗಳೂ ಇರುತ್ತಿದ್ದವು, ಅಲ್ವಾ?

“ಕಣ್ಣಿಗೆ ಹೂ ಬಿದ್ದಿದೆ”

ಎಲ್ಲ ಬಿಳಿಯನ್ನೂ ನಾವು ಹೂ ಅನ್ನುತ್ತೇವೆ. ಆದರೆ ಬಿಳಿಯಲ್ಲೂ ಬಗೆಯಿದೆ.

ಕಣ್ಣಿನ ಮೇಲ್ಮೈಯಲ್ಲೇ ಗೆರೆಯಂಥ ಅಥವಾ ಚುಕ್ಕೆಯಂಥ ಮಂಜು, ಜೊತೆಗೆ ನೋವು ಇದ್ದರೆ ಗಾಯ. ಚುಕ್ಕೆ ಹಳದಿಗೆ ತಿರುಗಿದರೆ ಒಳಗೆ ಕೀವು ಅಥವಾ ಬೂಸ್ಟು. ಇಂಥದ್ದರಲ್ಲಿ ಮೇಲ್ಪದರ ಮಾಗಿ, ಒಳಗೆ ಕೀವು ಉಳಿದು, ಬಣ್ಣದ ಪರೀಕ್ಷೆಯಲ್ಲಿ ಹಸಿರು ಬಾರದೆಯೂ ಇರಬಹುದು. ಹಸಿರು ಬರಲಿಲ್ಲ, ನೋವು ಮಾತ್ರ ಹೋಗಿಲ್ಲ ಅಂದರೆ ಮತ್ತೆ ಕರೆಸಿ.

ಕರಿಗುಡ್ಡೆಯ ಮೇಲೆ ಜೆಲ್ಲಿ ಹಾಗೆ ಮೆತ್ತಗಾಗಿ ಇಳಿಬಿದ್ದಂತೆ ಕಂಡರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಕರಗುತ್ತಿದೆ. ಇದಕ್ಕೆ ನಾಳೆ ಎಂಬುದಿಲ್ಲ. ಒಂದು ದಿನದೊಳಗೆ ಕಣ್ಣು ತೂತಾಗಬಹುದು.

ಇಡೀ ಕಣ್ಣು ನೀಲಿ ಮಂಜಾಗಿ, ಪಾಪೆ ಚಿಕ್ಕದಾಗಿದ್ದರೆ ಕಣ್ಣಿನೊಳಗೇ ಉರಿಯೂತ. ಅದನ್ನು “ಬಂದು ಹೋಗುವ” ಭಾಗದಲ್ಲಿ ಬರೆದಿದ್ದೇನೆ. ಬಿಳಿ ಪಾಪೆಯ ಹಿಂದೆ ಇದ್ದರೆ, ಮೇಲ್ಮೈ ಗಾಜಿನಂತೆ ತಿಳಿಯಾಗಿದ್ದರೆ, ಅದು ಪೊರೆ. ಪೊರೆಗೆ ಯಾವ ಡ್ರಾಪ್ಸೂ ಇಲ್ಲ.

ಇನ್ನೊಂದು ಬಗೆ ಇದೆ, ಎರಡೂ ಕಣ್ಣು ಮಂಜು. ಜೊತೆಗೆ ಬಿಟ್ಟು ಬಿಟ್ಟು ಜ್ವರ, ಕಾಲು ಅಥವಾ ಹೊಟ್ಟೆಯ ಕೆಳಗೆ ಬಾವು, ತಿಂದರೂ ಸೊರಗುವುದು. ಕುದುರೆಯ ಸಹಜ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಏರುಪೇರಾಗುತ್ತಿದ್ದರೆ ಸರ್ರಾ ಎಂಬ ರೋಗದ ಅನುಮಾನ ಬರಬೇಕು. ದನ ಕಚ್ಚುವ ದೊಡ್ಡ ನೊಣ ಇದನ್ನು ಹರಡುತ್ತದೆ. ಕಣ್ಣಿಗೆ ಔಷಧ ಹಾಕುತ್ತಾ ಕುಳಿತರೆ ಕುದುರೆಯೇ ಹೋಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ, ಜ್ವರ ಏರಿದ ಹೊತ್ತಲ್ಲಿ ರಕ್ತ ತೆಗೆದರೆ ಸಿಗುವ ಸಾಧ್ಯತೆ ಹೆಚ್ಚು.

“ಕಣ್ಣೊಳಗೆ ಬಿಳಿ ದಾರ ಓಡಾಡುತ್ತಿದೆ”

ಮೊದಲ ಸಲ ನೋಡಿದವರು ನಂಬುವುದಿಲ್ಲ. ಕರಿಗುಡ್ಡೆಯ ಹಿಂದಿನ ನೀರಿನಲ್ಲಿ, ಬಾಟಲಿಯೊಳಗಿನ ಮೀನಿನ ಹಾಗೆ, ಹೊಲಿಗೆ ದಾರದಂಥ ಬಿಳಿ ಹುಳ ಸುರುಳಿ ಬಿಚ್ಚುತ್ತಾ ಈಜುತ್ತಿರುತ್ತದೆ.

ಇದರ ಮೂಲ ದನ. ಸಿಟೇರಿಯಾ ಎಂಬ ಈ ಹುಳ ದನದ ಹೊಟ್ಟೆಯ ಪೊಳ್ಳಿನಲ್ಲಿ ತೊಂದರೆ ಕೊಡದೆ ಇರುತ್ತದೆ. ಅದರ ಮರಿಗಳು ರಕ್ತಕ್ಕೆ ಬರುತ್ತವೆ, ಸೊಳ್ಳೆ ಹೀರಿಕೊಂಡು ಕುದುರೆಗೆ ಕಚ್ಚುತ್ತದೆ. ಕುದುರೆಯ ಮೈಯಲ್ಲಿ ಮರಿಗೆ ದಾರಿ ತಪ್ಪುತ್ತದೆ. ಕೆಲವು ಕಣ್ಣಿಗೆ ಬರುತ್ತವೆ. ಬೆನ್ನುಹುರಿಗೆ ಹೋದರೆ ಹಿಂಗಾಲು ತೂರಾಡುತ್ತದೆ. ಕೊಟ್ಟಿಗೆಯ ಪಕ್ಕದಲ್ಲೇ ಲಾಯ, ಸುತ್ತ ಗದ್ದೆ, ಆರು ತಿಂಗಳು ನಿಂತ ನೀರು. ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ.

ಮೊದಲು ಹುಳ ಒಳಗಿದೆಯೋ ಮೇಲಿದೆಯೋ ನೋಡಿ. ಸಲೈನ್ ಹರಿಸಿದಾಗ, ರೆಪ್ಪೆ ಬಡಿದಾಗ ಜಾಗ ಬದಲಿಸಿ ರೆಪ್ಪೆಯಡಿ ಸೇರಿದರೆ ಮೇಲ್ಮೈಯ ಹುಳ. ಅದು ಬೇರೆ ಜಾತಿ, ನೊಣದಿಂದ ಬರುವುದು. ಡಾಕ್ಟರ್ ಕಣ್ಣು ಜೋಮು ಹಿಡಿಸಿ ತೊಳೆದು ತೆಗೆಯುತ್ತಾರೆ. ಏನು ಮಾಡಿದರೂ ತನ್ನ ಪಾಡಿಗೆ ಈಜುತ್ತಿದ್ದರೆ ಒಳಗಿನದು. ತಕ್ಷಣ ಹಗಲು ಬೆಳಕಲ್ಲಿ ಒಂದು ನಿಮಿಷದ ವಿಡಿಯೋ ಮಾಡಿ. ಮುಂದೆ ಕಣ್ಣು ಮಂಜಾದಾಗ ಹುಳ ಕಾಣುವುದಿಲ್ಲ, ಆಗ ಈ ವಿಡಿಯೋ ಒಂದೇ ಸಾಕ್ಷಿ.

ಹುಳದ ಔಷಧ ಚುಚ್ಚಿಬಿಡೋಣ ಎಂದು ಯಾರಾದರೂ ಹೇಳುತ್ತಾರೆ. ಐವರ್‌ಮೆಕ್ಟಿನ್ ಸುಲಭವಾಗಿ ಸಿಗುತ್ತದೆ ಕೂಡ. ನೀವಾಗಿ ಕೊಡಬೇಡಿ. ಹುಳ ಕಣ್ಣೊಳಗೇ ಸತ್ತರೆ ಅದರ ಹೆಣಕ್ಕೆ ಕಣ್ಣು ಇನ್ನಷ್ಟು ಕೆರಳುತ್ತದೆ. ಸರಿಯಾದ ದಾರಿ ಆಪರೇಷನ್. ಕುದುರೆಗೆ ಅರಿವಳಿಕೆ ಕೊಟ್ಟು, ಕಾರ್ನಿಯಾದ ಅಂಚಿನಲ್ಲಿ ಸಣ್ಣ ತೂತು ಮಾಡಿ ಹುಳವನ್ನು ಹೊರಗೆ ತರುತ್ತಾರೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಚಿಕ್ಕಮಗಳೂರಿನ ಉತ್ತರದವರಿಗೆ ಶಿವಮೊಗ್ಗದ್ದು ಹತ್ತಿರ. ಬೇಗ ಹೋದಷ್ಟೂ ಕಣ್ಣು ತಿಳಿಯಾಗಿ ಉಳಿಯುತ್ತದೆ.

ಮತ್ತೆ ಬಾರದಿರಲು ಸಂಜೆ ಆರಕ್ಕೆ ಮೊದಲೇ ಲಾಯಕ್ಕೆ ಸೊಳ್ಳೆಪರದೆ ಬಟ್ಟೆ ಇಳಿಬಿಡಿ, ಲಾಯವನ್ನು ಕೊಟ್ಟಿಗೆಯಿಂದ ದೂರ ಮಾಡಿ. ಸೊಳ್ಳೆಗೆ ಬೇವಿನ ಹೊಗೆ ಹಾಕಿ, ಹೊಗೆಗೆ ಕಣ್ಣು ಸೋರಿತೆಂದು ಡಾಕ್ಟರನ್ನು ಕರೆಸಿದ ಮಹಾನುಭಾವ ನಾನೇ.

“ಬಂದು ಹೋಗುವ ಕೆಂಪು, ಪಾಪೆ ಚಿಕ್ಕದಾಗುತ್ತೆ”

ಕತ್ತಲೆಯಲ್ಲಿ ಎರಡೂ ಪಾಪೆ ಹಿಗ್ಗಬೇಕು. ಒಂದು ಹಿಗ್ಗಿ, ಇನ್ನೊಂದು ಗೆರೆಯಾಗಿ ಉಳಿದರೆ ಆ ಕಣ್ಣಿನೊಳಗೆ ಉರಿಯೂತ, ಯುವೈಟಿಸ್. ನೀರು, ನೋವು, ನೀಲಿ ಮಂಜು, ಬೆಳಕು ಕಂಡರೆ ಮುಖ ತಿರುಗಿಸುವುದು. ವಾರದಲ್ಲಿ ಇಳಿಯುತ್ತದೆ, ತಿಂಗಳೋ ಎರಡು ತಿಂಗಳೋ ಬಿಟ್ಟು ಮತ್ತೆ ಬರುತ್ತದೆ. ಹಿಂದೆ ಯುರೋಪಿನವರು ಇದು ಚಂದ್ರನ ಜೊತೆ ಬಂದು ಹೋಗುತ್ತದೆಂದು ನಂಬಿ ಚಂದ್ರಗುರುಡು ಎಂಬ ಅರ್ಥದ ಹೆಸರಿಟ್ಟಿದ್ದರು. ನಮ್ಮ ಕಡೆಯೂ ಅಮಾವಾಸ್ಯೆ ಲೆಕ್ಕ ಹಾಕುವವರಿದ್ದಾರೆ. ಚಂದ್ರನ ಪಾತ್ರ ಏನಿಲ್ಲ. ಆದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಒಳ್ಳೆಯದು. ಎಷ್ಟು ದಿನಕ್ಕೆ ಮರುಕಳಿಸಿತು ಎಂಬುದೇ ಡಾಕ್ಟರಿಗೆ ಬೇಕಾದ ಮಾಹಿತಿ. ಕುದುರೆಗಳನ್ನು ಜಗತ್ತಿನಲ್ಲಿ ಅತಿ ಹೆಚ್ಚು ಕುರುಡು ಮಾಡುವ ರೋಗ ಇದೇ. ಪ್ರತಿ ಸಲ ಬಂದು ಹೋದಾಗಲೂ ಒಳಗೆ ಸ್ವಲ್ಪ ಕೆಡಿಸಿಯೇ ಹೋಗುತ್ತದೆ.

ಕಾರಣಗಳಲ್ಲಿ ಒಂದು ಲೆಪ್ಟೊಸ್ಪೈರಾ, ಅಂದರೆ ನಮ್ಮ ಇಲಿಜ್ವರದ ರೋಗಾಣು. ಇಲಿ, ದನದ ಮೂತ್ರ ಬಿದ್ದ ನಿಂತ ನೀರನ್ನು ಕುಡಿಸಬೇಡಿ. ಹುರುಳಿ ಮೂಟೆಯನ್ನು ಮುಚ್ಚಳವಿರುವ ಡ್ರಮ್ಮಿಗೆ ಹಾಕಿ. ಲಾಯ ತೊಳೆಯುವವರು ಬೂಟು ಹಾಕಿಕೊಳ್ಳಲಿ.

ಬಣ್ಣದ ಪರೀಕ್ಷೆಯಲ್ಲಿ ಗಾಯವಿಲ್ಲ ಎಂದಾದರೆ ಇಲ್ಲಿ ಸ್ಟಿರಾಯ್ಡೇ ಮದ್ದು. ಒಂದೇ ಬಾಟಲಿ ಒಂದು ಕಣ್ಣಿಗೆ ವಿಷ, ಇನ್ನೊಂದಕ್ಕೆ ಅಮೃತ. ಜೊತೆಗೆ ಪಾಪೆ ಹಿಗ್ಗಿಸಲು ಅಟ್ರೋಪಿನ್ ಬರೆಯುತ್ತಾರೆ. ಅದನ್ನು ಹೇಳಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಹಾಕಬೇಡಿ. ಕರುಳಿನ ಓಟ ನಿಧಾನವಾಗಿ ಹೊಟ್ಟೆನೋವು ಬರಬಹುದು. ಅಟ್ರೋಪಿನ್ ಹಾಕುವ ದಿನಗಳಲ್ಲಿ ಲದ್ದಿ ಎಣಿಸಿ. ಕಡಿಮೆಯಾದರೆ, ಕುದುರೆ ಹೊಟ್ಟೆ ನೋಡಿಕೊಂಡರೆ, ಕಾಲು ಕೆರೆದರೆ ಹನಿ ನಿಲ್ಲಿಸಿ ಫೋನ್ ಮಾಡಿ. ಹಿಗ್ಗಿದ ಪಾಪೆಗೆ ಬಿಸಿಲು ಕುಕ್ಕುತ್ತದೆ, ನೆರಳಲ್ಲಿ ಕಟ್ಟಿ. ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚಿಸಬೇಡಿ, 2006ರಿಂದ ಪ್ರಾಣಿಗಳಿಗೆ ಅದು ನಿಷೇಧ.

“ರೆಪ್ಪೆ ಹರಿದು ನೇತಾಡುತ್ತಿದೆ”

ತಂತಿ ಬೇಲಿ, ಬಕೆಟ್ಟಿನ ಕೊಕ್ಕೆ, ಲಾಯದ ಮೊಳೆ. ನೋಡಲು ಭಯಂಕರ, ಆದರೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಒಂದೇ ನಿಯಮ: ನೇತಾಡುವ ಚೂರನ್ನು ಕತ್ತರಿಸಬೇಡಿ. ಅದಿಲ್ಲದೆ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಒಣಗಿ ಹಾಳಾಗುತ್ತದೆ. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಮೇಲಿಟ್ಟು ಒದ್ದೆಯಾಗಿಯೇ ಇಡಿ, ಅದೇ ದಿನ ಹೊಲಿಗೆ ಹಾಕಿಸಿ. ಟಿಟಿ ಇಂಜೆಕ್ಷನ್ ಕೇಳಿ, ಕುದುರೆಗೆ ಧನುರ್ವಾಯು ಬಹಳ ಬೇಗ ಹಿಡಿಯುತ್ತದೆ. ಆ ಮೊಳೆಯನ್ನೂ ಅದೇ ದಿನ ಕೀಳಿ.

“ಮೂಲೆಯಲ್ಲಿ ಗಂಟು”

ಒಳಮೂಲೆಯಲ್ಲಿ ಹಸಿ ಹುಣ್ಣು, ಒಳಗೆ ಹಳದಿ ರವೆಯಂಥ ಕಾಳು ಇದ್ದರೆ ನೊಣ ತಂದಿಟ್ಟ ಹುಳದ ಮರಿ. ಮುಖ ಬಿಳಿ ಇರುವ ಕುದುರೆಯ ಗುಲಾಬಿ ರೆಪ್ಪೆಯಲ್ಲಿ ಮಾಗದೆ ಬೆಳೆಯುವ ಗಂಟಾದರೆ ಕ್ಯಾನ್ಸರ್ ಇರಬಹುದು. ಎರಡೂ ನೋಡಲು ಒಂದೇ ಥರ. ಚೂರು ತೆಗೆದು ಪರೀಕ್ಷೆ ಮಾಡಿಸದೆ ಯಾರೂ ಹೇಳಲಾರರು. ಎರಡು ವಾರಕ್ಕಿಂತ ಹೆಚ್ಚು ಕಾಯಬೇಡಿ.

ಫೋನಲ್ಲಿ ಏನು ಹೇಳಬೇಕು

“ಕಣ್ಣಿಗೆ ಏನೋ ಆಗಿದೆ” ಎಂದರೆ ಡಾಕ್ಟರ್ ಸಂಜೆ ಬರುತ್ತಾರೆ. ಯಾವ ಕಣ್ಣು, ಎಂದಿನಿಂದ, ಮುಚ್ಚಿದೆಯೋ ತೆರೆದಿದೆಯೋ, ಮಂಜು ಎಲ್ಲಿದೆ, ಜ್ವರ ಎಷ್ಟು, ಈಗಾಗಲೇ ಏನು ಹಾಕಿದ್ದೀರಿ, ಇಷ್ಟು ಹೇಳಿ. ಕೊನೆಯದನ್ನು ಮುಚ್ಚಿಡಬೇಡಿ, ಬೈಸಿಕೊಂಡರೂ ಪರವಾಗಿಲ್ಲ. ಎರಡೂ ಕಣ್ಣಿನ ಫೋಟೋ ಕಳಿಸಿ. ಸ್ಥಳೀಯ ಡಾಕ್ಟರ್ ಸಿಗದಿದ್ದರೆ 1962ಕ್ಕೆ ಕರೆ ಮಾಡಬಹುದು, ಪಶು ಚಿಕಿತ್ಸೆಯ ಸಂಚಾರಿ ವಾಹನದ ಸಹಾಯವಾಣಿ ಅದು. ಹಾಸನಕ್ಕೆ ಸಾಗಿಸುವುದಾದರೆ ತೆರೆದ ಪಿಕಪ್ಪಿನಲ್ಲಿ ಗಾಳಿಗೆ ಕಣ್ಣೊಡ್ಡಿ ಒಯ್ಯಬೇಡಿ, ಮುಂದೆ ಟಾರ್ಪಾಲ್ ಕಟ್ಟಿ. ಕಣ್ಣಿಗೆ ಬಿಗಿಯಾಗಿ ಪಟ್ಟಿ ಸುತ್ತಬೇಡಿ.

“ಕತ್ತಲಲ್ಲಿ ಎಡವುತ್ತೆ, ಬೆಚ್ಚುತ್ತೆ”

ಒಂದು ಕಣ್ಣು ಮೆಲ್ಲಗೆ ಹೋದರೆ ಕುದುರೆ ತಿಂಗಳುಗಟ್ಟಲೆ ಗುಟ್ಟು ಬಿಡುವುದಿಲ್ಲ. ತಲೆ ಒಂದು ಕಡೆ ವಾಲಿಸಿ ನಡೆಯುತ್ತದೆ, ಬಾಗಿಲಿಗೆ ಸೊಂಟ ತಾಗಿಸಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಒಂದು ಕಣ್ಣನ್ನು ಅಂಗೈಯಿಂದ ಮರೆಮಾಡಿ, ಇನ್ನೊಂದರ ಕಡೆ ಬೆರಳು ತನ್ನಿ. ಗಾಳಿ ಬೀಸುವಷ್ಟು ಜೋರಾಗಿ ಬೇಡ, ಗಾಳಿಗೂ ರೆಪ್ಪೆ ಬಡಿಯುತ್ತದೆ. ಎರಡು ವಾರದೊಳಗಿನ ಮರಿಗೆ ಈ ಪರೀಕ್ಷೆ ನಡೆಯದು, ಅದಿನ್ನೂ ಹೆದರಲು ಕಲಿತಿರುವುದಿಲ್ಲ. ಇದ್ದಕ್ಕಿದ್ದಂತೆ ಎರಡೂ ಕಣ್ಣು ಕಾಣದಾದರೆ ತಲೆಗೆ ಪೆಟ್ಟು ಬಿದ್ದಿರಬಹುದು, ಅದು ತುರ್ತು.

ಒಂದು ಕಣ್ಣಿನ ಕುದುರೆ ಬೇಗ ಹೊಂದಿಕೊಳ್ಳುತ್ತದೆ. ನೀರು, ಗೋದಲಿ ಇರುವ ಜಾಗ ಬದಲಿಸಬೇಡಿ, ತಂತಿ ಬೇಲಿ ಇದ್ದರೆ ಮರದ ಗಳು ಕಟ್ಟಿ, ಘಾಟಿ ರಸ್ತೆಗೆ ಸವಾರಿ ಒಯ್ಯಬೇಡಿ. ಕೆಂದಿಗೆ ಎಡಗಣ್ಣಲ್ಲಿ ಕಲೆಯ ಸುತ್ತಲಿನ ಅಂಚಿನಿಂದ ಸ್ವಲ್ಪ ಕಾಣುತ್ತದೆ. ಆದರೂ ಆ ಕಡೆಯಿಂದ ಲಾಯಕ್ಕೆ ಹೋಗುವಾಗ ಮನೆಯವರೆಲ್ಲ ಕೆಮ್ಮಿಕೊಂಡೇ ಹೋಗುತ್ತೇವೆ.